ಪ್ಲಾನ್ ಬದಲಾಯಿಸುವ ಮುಂಚೆ ಪಿಂಗ್ ಅಳೆದು ನೋಡಿ

ರಾತ್ರಿ ಎಂಟೂವರೆ ದಾಟಿದರೆ ಸಾಕು, ಮೈಸೂರಿನ ಕುವೆಂಪುನಗರವಾಗಲಿ, ಬೋಗಾದಿಯಾಗಲಿ, ಮಂಡ್ಯದ ಗುತ್ತಲು ಬಡಾವಣೆಯಾಗಲಿ, ಗೇಮ್ ಆಡೋ ಹುಡುಗರ ಬಾಯಲ್ಲಿ ಒಂದೇ ಮಾತು: "ಲ್ಯಾಗ್ ಹೊಡೀತಿದೆ ಮಗಾ." ಗೋಡೆ ಹಿಂದೆ ಅವಿತುಕೊಂಡ ಮೇಲೂ ಗುಂಡು ತಗಲುತ್ತೆ. ಮುಂದೆ ಓಡಿದವನನ್ನು ಯಾರೋ ಅಂಗಿ ಹಿಡಿದು ಎಳೆದ ಹಾಗೆ ನಾಲ್ಕು ಹೆಜ್ಜೆ ಹಿಂದಕ್ಕೆ ತಂದು ನಿಲ್ಲಿಸುತ್ತೆ. ಮಾರನೇ ದಿನ ಅಪ್ಪ ಅಮ್ಮನನ್ನು ಒಪ್ಪಿಸಿ 50 ಎಂಬಿಪಿಎಸ್ ಪ್ಲಾನನ್ನು 150ಕ್ಕೆ ಏರಿಸುತ್ತಾರೆ. ಆ ರಾತ್ರಿಯೂ ಅದೇ ಲ್ಯಾಗ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು. ತಿಂಗಳು ತಿಂಗಳೂ ಹೆಚ್ಚಿಗೆ ದುಡ್ಡು ಕಟ್ಟುವ ಮುಂಚೆ, ತೊಂದರೆ ಎಲ್ಲಿದೆ ಅಂತ ಹತ್ತು ನಿಮಿಷ ಕೂತು ಅಳೆಯಬಹುದು. ಅದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ.

ಸ್ಪೀಡ್ ಬೇರೆ, ಪಿಂಗ್ ಬೇರೆ. ಒಂದು ಸೆಕೆಂಡಿಗೆ ಎಷ್ಟು ಡೇಟಾ ಹರಿಯುತ್ತೆ ಅನ್ನೋದು ಸ್ಪೀಡ್. ನೀವು ಬಟನ್ ಒತ್ತಿದ ಸುದ್ದಿ ಸರ್ವರ್ ಮುಟ್ಟಿ ಉತ್ತರ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು ಪಿಂಗ್, ಅದರ ಲೆಕ್ಕ ಮಿಲಿಸೆಕೆಂಡಿನಲ್ಲಿ. ಶೂಟಿಂಗ್ ಗೇಮ್ ಒಂದು ಗಂಟೆಗೆ ತಿನ್ನೋದು ಸಾಮಾನ್ಯವಾಗಿ ನೂರಿನ್ನೂರು ಎಂಬಿ. ಅದೇ ಒಂದು ಗಂಟೆ 1080ಪಿ ವಿಡಿಯೊ ನೋಡಿದರೆ ಒಂದೂವರೆ ಜಿಬಿ ದಾಟುತ್ತೆ. ಅಂದರೆ ಆಟ ಆಡೋಕೆ 5 ಎಂಬಿಪಿಎಸ್ ಇದ್ದರೂ ಧಾರಾಳ. ಆಡುವಾಗಿನ ಲ್ಯಾಗ್‌ಗೆ ಪ್ಲಾನಿನ ಸ್ಪೀಡ್ ಕಾರಣ ಆಗೋದು ಬಹಳ ಅಪರೂಪ.

ಪಿಂಗ್‌ಗೆ ಒಂದು ಕೆಳಮಿತಿ ಇದೆ, ಅದು ಭೌತಶಾಸ್ತ್ರದ ಮಿತಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಮೈಸೂರಿನಿಂದ ಮುಂಬೈಗೆ ಸುಮಾರು 1000 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಹೋಗೋಕೆ 5, ಬರೋಕೆ 5, ಒಟ್ಟು 10 ಮಿಲಿಸೆಕೆಂಡ್ ದಾರಿಯಲ್ಲೇ ಹೋಯಿತು. ಕೇಬಲ್ ನೇರವಾಗಿ ಹೋಗಿರೋದಿಲ್ಲ. ಬೆಂಗಳೂರು ಮುಟ್ಟಿ, ಅಲ್ಲಿಂದ ಸುತ್ತಿ ಬಳಸಿ ಹೋಗಿರುತ್ತೆ, ನಡುವೆ ಹತ್ತಾರು ಕಡೆ ಕೈ ಬದಲಾಗುತ್ತೆ. ಹಾಗಾಗಿ ಮುಂಬೈ ಸರ್ವರ್‌ಗೆ 25ರಿಂದ 40 ಬಂದರೆ ಒಳ್ಳೆಯ ಪಿಂಗ್ ಅಂತಲೇ ತಿಳಿಯಿರಿ. ಸಿಂಗಪುರದ ಸರ್ವರ್ ಆದರೆ ದಾರಿ ಇನ್ನೂ ಉದ್ದ, ಪಿಂಗ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ರೀಜನ್ ಸಿಂಗಪುರ ಅಂತ ಉಳಿದುಬಿಟ್ಟಿದ್ದರೆ ಯಾವ ಪ್ಲಾನೂ ಕಾಪಾಡಲ್ಲ. ಮೊದಲು ಅದನ್ನು ನೋಡಿ.

ಇನ್ನೊಂದು ಮಾತು. ಸದಾ 60ರಲ್ಲಿ ನಿಂತಿರೋ ಪಿಂಗ್, 30ರಿಂದ 200ಕ್ಕೆ ನೆಗೆದು ಇಳಿಯೋ ಪಿಂಗ್‌ಗಿಂತ ಎಷ್ಟೋ ವಾಸಿ. ಒಂದೇ ಸಮನೆ ತಡ ಆದರೆ ಗೇಮು ಅದನ್ನು ಅಂದಾಜು ಮಾಡಿ ಸರಿದೂಗಿಸುತ್ತೆ, ಕೈಯೂ ಒಗ್ಗಿಕೊಳ್ಳುತ್ತೆ. ಏರಿಳಿತಕ್ಕೆ ಮಾತ್ರ ಗೇಮೂ ಒಗ್ಗಲ್ಲ, ಕೈಯೂ ಒಗ್ಗಲ್ಲ. ಇದನ್ನೇ ಜಿಟ್ಟರ್ ಅನ್ನೋದು. ಹಿಂದಕ್ಕೆ ಎಳೆದ ಹಾಗೆ ಆಗೋದು ಬಹುಪಾಲು ಇದರಿಂದ, ಇಲ್ಲವೇ ಪ್ಯಾಕೆಟ್‌ಗಳು, ಅಂದರೆ ಡೇಟಾದ ಪುಟ್ಟ ತುಣುಕುಗಳು, ದಾರಿಯಲ್ಲೇ ಕಳೆದುಹೋಗೋದರಿಂದ.

ಈಗ ಅಳತೆ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟನ್ನು (ಕಮಾಂಡುಗಳನ್ನು ಟೈಪ್ ಮಾಡಿ ಕೊಡೋ ಕಪ್ಪು ಕಿಟಕಿ) ಎರಡು ಸಲ ತೆರೆದು ಎರಡು ಕಿಟಕಿಗಳನ್ನು ಅಕ್ಕಪಕ್ಕ ಇಡಿ. ಮೊದಲು ಐಪಿಕಾನ್‌ಫಿಗ್ (ipconfig) ಅನ್ನೋ ಕಮಾಂಡ್ ಕೊಟ್ಟರೆ 'ಡೀಫಾಲ್ಟ್ ಗೇಟ್‌ವೇ' ಅನ್ನೋ ಸಾಲಿನಲ್ಲಿ ನಿಮ್ಮ ರೂಟರಿನ ವಿಳಾಸ ಸಿಗುತ್ತೆ. ಹೆಚ್ಚಾಗಿ ಅದು 192.168.1.1 ಅಥವಾ 192.168.0.1. ಒಂದು ಕಿಟಕಿಯಲ್ಲಿ ಪಿಂಗ್ ಅಂತ ಬರೆದು ಆ ವಿಳಾಸ ಹಾಕಿ, ಒಂದು ಸ್ಪೇಸ್ ಬಿಟ್ಟು ಹೈಫನ್ ಮತ್ತು ಟಿ ಅಕ್ಷರ ಸೇರಿಸಿ (ping 192.168.1.1 -t ಅನ್ನೋ ಹಾಗೆ) ಎಂಟರ್ ಒತ್ತಿ. ಆ ಟಿ ಇದ್ದರೆ ನೀವು ನಿಲ್ಲಿಸೋ ತನಕ ಸೆಕೆಂಡಿಗೊಂದು ಪಿಂಗ್ ಹೋಗ್ತಾನೇ ಇರುತ್ತೆ. ಎರಡನೇ ಕಿಟಕಿಯಲ್ಲಿ ಅದೇ ಕಮಾಂಡು, ವಿಳಾಸ ಮಾತ್ರ 8.8.8.8. ಇದು ಗೂಗಲ್‌ನವರ ಡಿಎನ್‌ಎಸ್ ಸರ್ವರ್ (ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋದು), ನಿಮ್ಮ ಮನೆಯಿಂದ ಆಚೆಗಿನ ದಾರಿಯನ್ನು ತೋರಿಸುತ್ತೆ. ಬೆಳಗ್ಗೆ ಹನ್ನೊಂದಕ್ಕೆ ಅಳೆದು ಪ್ರಯೋಜನ ಇಲ್ಲ. ಲ್ಯಾಗ್ ಹೊಡೆಯೋ ಹೊತ್ತಲ್ಲೇ, ಗೇಮ್ ಓಡುತ್ತಿರುವಾಗಲೇ ಹತ್ತು ನಿಮಿಷ ಬಿಡಿ. ಆಮೇಲೆ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಕನಿಷ್ಠ, ಗರಿಷ್ಠ, ಸರಾಸರಿ, ಎಷ್ಟು ಕಳೆದುಹೋಯಿತು ಅನ್ನೋ ಲೆಕ್ಕ ಬರುತ್ತೆ.

ರೂಟರ್ ಕಿಟಕಿಯಲ್ಲೇ ಅಂಕಿ ಕುಣಿಯುತ್ತಿದ್ದರೆ, ಅಂದರೆ 2, 3, 85, 4, 140 ಅಂತ ಬರ್ತಿದ್ದರೆ, ತೊಂದರೆ ನಿಮ್ಮ ಮನೆಯ ವೈಫೈನಲ್ಲಿ. ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ ಬೈದು ಉಪಯೋಗ ಇಲ್ಲ. ರೂಟರ್ ಕಿಟಕಿ 1 ಅಥವಾ 2ರಲ್ಲಿ ಕಲ್ಲಿನಂತೆ ನಿಂತಿದ್ದು, 8.8.8.8 ಮಾತ್ರ ಕುಣಿದರೆ ತೊಂದರೆ ನಿಮ್ಮ ಲೈನಿನದ್ದು. ಅದೂ ಮನೆಯಲ್ಲಿ ಯಾರಾದರೂ ಏನಾದರೂ ಅಪ್‌ಲೋಡ್ ಮಾಡುವಾಗ ಮಾತ್ರ ಕುಣಿದರೆ ಅದಕ್ಕೆ ಬೇರೆ ಕಾರಣ ಇದೆ, ಮುಂದೆ ಹೇಳ್ತೀನಿ. ಎರಡೂ ಕಿಟಕಿ ಶಾಂತವಾಗಿದ್ದು ಗೇಮಿನಲ್ಲಿ ಮಾತ್ರ ಪಿಂಗ್ ಏರಿದರೆ ತೊಂದರೆ ಆ ಗೇಮಿನ ಸರ್ವರಿನದ್ದು, ಅಥವಾ ಅಲ್ಲಿಗೆ ಹೋಗೋ ದಾರಿಯದ್ದು. ಆಗ ನೀವು ಮಾಡಬಹುದಾದ್ದು ಕಾಯೋದೊಂದೇ.

ವೈಫೈ ವಿಷಯಕ್ಕೆ ಬರೋಣ, ಯಾಕೆಂದರೆ ಹತ್ತು ಮನೆಗೆ ಏಳು ಮನೆಯಲ್ಲಿ ಕಾಯಿಲೆ ಇಲ್ಲೇ ಇರುತ್ತೆ ಅನ್ನೋದು ನನ್ನ ಅನಿಸಿಕೆ. ಕೇಬಲ್‌ನವರು ಬಂದಾಗ ವೈರು ಎಲ್ಲಿಂದ ಒಳಗೆ ಬರುತ್ತೋ ಅಲ್ಲೇ ಪೆಟ್ಟಿಗೆ ಸಿಕ್ಕಿಸಿ ಹೋಗುತ್ತಾರೆ: ಮುಂಬಾಗಿಲ ಮೇಲೆ, ಇಲ್ಲವೇ ಟಿವಿ ಹಿಂದೆ. ಗೇಮ್ ಆಡೋನು ಹಿಂದಿನ ರೂಮಿನಲ್ಲಿ. ಲಕ್ಷ್ಮೀಪುರ, ಕೃಷ್ಣಮೂರ್ತಿಪುರ, ಅಗ್ರಹಾರದ ಕಡೆಯ ಹಳೇ ಮನೆಗಳಲ್ಲಿ ನಡುವೆ ಎರಡು ದಪ್ಪ ಗಾರೆ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಅಷ್ಟನ್ನು ದಾಟಲ್ಲ, ಫೋನು ತಾನಾಗೇ 2.4ಕ್ಕೆ ಇಳಿಯುತ್ತೆ. 2.4ರಲ್ಲಿ ಅಕ್ಕಪಕ್ಕದ ಮನೆಯವರ ರೂಟರುಗಳೆಲ್ಲ ಕೂಗಾಡುತ್ತಿರುತ್ತವೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇದು ಸಾಲದು ಅಂತ ಬ್ಲೂಟೂತ್ ಇಯರ್‌ಫೋನೂ ಅದೇ 2.4ರಲ್ಲಿ, ಅಡುಗೆಮನೆಯ ಮೈಕ್ರೋವೇವ್ ಓವನ್ನೂ ಅಲ್ಲೇ. ಒಂದು ಸಲ ಪಿಂಗ್ ಕಿಟಕಿ ತೆರೆದಿಟ್ಟು ಓವನ್ನಿನಲ್ಲಿ ಒಂದು ಲೋಟ ನೀರು ಎರಡು ನಿಮಿಷ ಬಿಸಿ ಮಾಡಿ ನೋಡಿ. ಕಾರಣ ಅದೇ ಆಗಿದ್ದರೆ ಕಣ್ಣಾರೆ ಕಾಣುತ್ತೆ.

ಬ್ರೌಸರಿನಲ್ಲಿ ಆ ಗೇಟ್‌ವೇ ವಿಳಾಸ ಹಾಕಿ ರೂಟರ್ ಸೆಟ್ಟಿಂಗ್ಸ್‌ಗೆ ಹೋಗಿ 2.4 ಮತ್ತು 5 ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಒಂದೇ ಹೆಸರಿದ್ದರೆ ಫೋನು ತನಗೆ ಇಷ್ಟ ಬಂದದ್ದಕ್ಕೆ ಅಂಟಿಕೊಳ್ಳುತ್ತೆ, ಆಟದ ನಡುವೆ ಬದಲಾಯಿಸಲೂಬಹುದು. ಗೇಮ್ ಆಡೋ ಫೋನನ್ನು 5ಕ್ಕೇ ಕಟ್ಟಿಹಾಕಿ. 2.4ರಲ್ಲೇ ಇರಬೇಕಾದರೆ ಚಾನೆಲ್ 'ಆಟೋ' ಬಿಟ್ಟು 1, 6, 11ರಲ್ಲಿ ಖಾಲಿ ಇರೋದಕ್ಕೆ ಹಾಕಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 40ಕ್ಕೆ ಹಾಕಿದರೆ ಸ್ಪೀಡ್ ಟೆಸ್ಟಿನಲ್ಲಿ ಅಂಕಿ ಚೆನ್ನಾಗಿ ಕಾಣುತ್ತೆ, ಆಟ ಹಾಳಾಗುತ್ತೆ.

ಕಂಪ್ಯೂಟರೋ ಪ್ಲೇಸ್ಟೇಷನ್ನೋ ಆದರೆ ಇಷ್ಟೆಲ್ಲ ಒದ್ದಾಟವೇ ಬೇಡ, ಲ್ಯಾನ್ ಕೇಬಲ್ ಎಳೆಯಿರಿ. ಕ್ಯಾಟ್ 5ಇ ಸಾಕು, 100 ಮೀಟರ್ ತನಕ 1 ಗಿಗಾಬಿಟ್ ಹೊರುತ್ತೆ. ಅಂಗಡಿಯಲ್ಲಿ ಕೇಳುವಾಗ ಪೂರ್ತಿ ತಾಮ್ರದ ಕೇಬಲ್ಲೇ ಬೇಕು ಅಂತ ಕೇಳಿ. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತೆ. ತುದಿಗೆ ಜ್ಯಾಕ್ ಕ್ರಿಂಪ್ ಮಾಡುವಾಗ, ಅಂದರೆ ಒತ್ತಿ ಕೂರಿಸುವಾಗ, ಬಣ್ಣಗಳ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಹಸಿರು ಜೋಡಿಯ ನಡುವೆ ನೀಲಿ ಜೋಡಿ ಬರುತ್ತೆ, ತಪ್ಪೋದು ಅಲ್ಲೇ. ಹಾಕಿದ ಮೇಲೆ ವಿಂಡೋಸ್‌ನ ಈಥರ್‌ನೆಟ್ ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ ಸ್ಪೀಡ್' ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 1000 ಬದಲು 100 ತೋರಿಸುತ್ತಿದ್ದರೆ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಕೂತಿಲ್ಲ ಅಂತಲೇ ಲೆಕ್ಕ. 100 ಎಂಬಿಪಿಎಸ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಆ ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿಸಿ.

ಈಗ ಅಪ್‌ಲೋಡ್ ಮಾಡುವಾಗ ಮಾತ್ರ ಕುಣಿಯೋ ಪಿಂಗ್. ಕಬ್ಬು ಅರೆಯೋ ಕಾಲದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮುಂದೆ ಗಾಡಿ, ಟ್ರ್ಯಾಕ್ಟರುಗಳ ಸಾಲು ನೆನಪಿಸಿಕೊಳ್ಳಿ. ಗೇಟು ಒಂದೇ. ಮುಂದೆ ನಲವತ್ತು ಲೋಡು ಕಬ್ಬು ನಿಂತಿದೆ. ಕೈಯಲ್ಲಿ ಒಂದು ಚೀಟಿ ಹಿಡಿದ ಹುಡುಗನೂ ಅದೇ ಸಾಲಿನ ಕೊನೆಗೆ ನಿಲ್ಲಬೇಕು ಅಂದರೆ ಹೇಗಿರುತ್ತೆ? ನಿಮ್ಮ ಗೇಮಿನ ಪ್ಯಾಕೆಟ್ ಆ ಚೀಟಿ. ಮನೆಯಲ್ಲಿ ಯಾರದೋ ಫೋನು ಮದುವೆಯ ಫೋಟೊ ವಿಡಿಯೊಗಳನ್ನೆಲ್ಲ ಬ್ಯಾಕಪ್ ಮಾಡ್ತಿದೆ, ಅದು ಕಬ್ಬಿನ ಲೋಡು. ರೂಟರು ಸಾಧ್ಯವಾದಷ್ಟನ್ನೂ ತನ್ನ ಬಫರಿನಲ್ಲಿ, ಅಂದರೆ ಡೇಟಾ ಕಾದು ನಿಲ್ಲೋ ಜಾಗದಲ್ಲಿ, ತುಂಬಿಕೊಂಡು ಬಂದ ಸರದಿಯಲ್ಲೇ ಕಳಿಸುತ್ತೆ. ಲೈನು ಚೆನ್ನಾಗಿದೆ, ಸ್ಪೀಡೂ ಚೆನ್ನಾಗಿದೆ, ಪಿಂಗ್ ಮಾತ್ರ 300. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಅಪ್‌ಲೋಡ್ ಕಡಿಮೆ ಇರೋ 4ಜಿ, 5ಜಿ ಏರ್ ಕನೆಕ್ಷನ್‌ಗಳಲ್ಲಿ (ವೈರಿಲ್ಲದೆ ಟವರಿನಿಂದ ಬರೋ ನೆಟ್) ಇದು ಜಾಸ್ತಿ. ಫೈಬರ್ ಎಳೆಯದ ಹಳ್ಳಿಗಳಲ್ಲಿ ಇರೋದೇ ಅವು.

ಕಳ್ಳನನ್ನು ಹಿಡಿಯೋದು ಸುಲಭ. 8.8.8.8ರ ಪಿಂಗ್ ಓಡುತ್ತಿರಲಿ, ಮನೆಯ ಒಂದೊಂದೇ ಸಾಧನದ ವೈಫೈ ಆಫ್ ಮಾಡುತ್ತಾ ಬನ್ನಿ. ಯಾವುದು ಆಫ್ ಆದಾಗ ಅಂಕಿ ಇಳಿಯಿತೋ ಅದೇ. ಹೆಚ್ಚಾಗಿ ಸಿಕ್ಕಿಬೀಳೋದು ಗೂಗಲ್ ಫೋಟೋಸ್ ಬ್ಯಾಕಪ್, ಕಂಪ್ಯೂಟರಿನ ಒನ್‌ಡ್ರೈವ್, ಕ್ಲೌಡ್‌ಗೆ ವಿಡಿಯೊ ಕಳಿಸೋ ಸಿಸಿ ಕ್ಯಾಮೆರಾ. ವಿಂಡೋಸ್ ಕೂಡ ತಾನು ಡೌನ್‌ಲೋಡ್ ಮಾಡಿದ ಅಪ್‌ಡೇಟನ್ನು ಊರವರಿಗೆ ಹಂಚಬಲ್ಲದು. ಅಪ್‌ಡೇಟ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್‌ಡ್ ಆಪ್ಷನ್ಸ್' ಒಳಗೆ 'ಡೆಲಿವರಿ ಆಪ್ಟಿಮೈಸೇಷನ್' ಅಂತ ಇದೆ, ಅದನ್ನು ಆಫ್ ಮಾಡಿ. ಒನ್‌ಡ್ರೈವ್‌ಗೆ ಅಪ್‌ಲೋಡ್ ಮಿತಿ ಹಾಕಬಹುದು. ಅಮ್ಮನ ಫೋನಿನ ಬ್ಯಾಕಪ್ಪನ್ನು ಪೂರ್ತಿ ನಿಲ್ಲಿಸಬೇಡಿ, ಆಡುವ ಎರಡು ಗಂಟೆ ತಡೆದಿಟ್ಟರೆ ಸಾಕು. ಆ ಫೋಟೊಗಳು ನಿಮ್ಮ ರ‍್ಯಾಂಕ್‌ಗಿಂತ ದೊಡ್ಡವು.

ನಿಜವಾದ ಮದ್ದು ರೂಟರಿನಲ್ಲಿದೆ. ಎಸ್‌ಕ್ಯೂಎಂ ಅಥವಾ ಒಳ್ಳೆಯ ಕ್ಯೂಒಎಸ್ (ಸಾಲನ್ನು ಜಾಣತನದಿಂದ ನಿಭಾಯಿಸೋ ಸೌಲಭ್ಯಗಳು) ಇರೋ ರೂಟರ್ ಆದರೆ, ಅಪ್‌ಲೋಡ್ ಡೌನ್‌ಲೋಡ್ ಎರಡಕ್ಕೂ ಅಳೆದು ಸಿಕ್ಕ ಸ್ಪೀಡಿನ ಶೇ 85ರಿಂದ 90ರಷ್ಟು ಮಿತಿ ಹಾಕಿ. 40 ಎಂಬಿಪಿಎಸ್ ಬರ್ತಿದ್ದರೆ 35 ಅಂತ ಬರೆಯಿರಿ. ಸ್ವಲ್ಪ ಬಿಟ್ಟುಕೊಡಬೇಕು, ಆಗಲೇ ಸಾಲು ನಿಮ್ಮ ರೂಟರಿನಲ್ಲಿ ನಿಲ್ಲುತ್ತೆ, ಚೀಟಿ ಹಿಡಿದ ಹುಡುಗನಿಗೆ ಪಕ್ಕದ ದಾರಿ ಬಿಡೋಕೆ ಅದಕ್ಕೆ ಆಗುತ್ತೆ. ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿದ ರೂಟರಿನಲ್ಲಿ 'ಕೇಕ್' ಅನ್ನೋ ವಿಧಾನ ಆರಿಸಿಕೊಂಡರೆ ಆಯಿತು. ಕೇಬಲ್‌ನವರು ಕೊಟ್ಟ ಪೆಟ್ಟಿಗೆಗಳಲ್ಲಿ ಈ ಸೌಲಭ್ಯ ಇರೋದು ಅಪರೂಪ. ಪ್ಲಾನ್ ಏರಿಸೋ ದುಡ್ಡನ್ನು ಆರು ತಿಂಗಳು ಕೂಡಿಟ್ಟು ಇಂಥ ರೂಟರ್ ಕೊಳ್ಳೋದು ಒಳ್ಳೆಯದು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ರೂಟರೂ ಸರಿ, ಅಪ್‌ಲೋಡೂ ಇಲ್ಲ, ಆದರೂ ಪ್ಯಾಕೆಟ್ ಕಳೆದುಹೋಗ್ತಿದೆ ಅಂದರೆ ಫೈಬರ್ ನೋಡಬೇಕು. ಪೆಟ್ಟಿಗೆಯ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಸಿಗ್ನಲ್ಲೇ ಬರ್ತಿಲ್ಲ, ವೈರು ಕಡಿದಿರಬಹುದು. ದೀಪ ಹಸಿರೇ ಇದ್ದರೂ ಸಿಗ್ನಲ್ ಕ್ಷೀಣಿಸಿರಬಹುದು: ಹಳದಿ ಪ್ಯಾಚ್ ಕಾರ್ಡನ್ನು (ಪೆಟ್ಟಿಗೆಗೆ ಚುಚ್ಚೋ ತೆಳು ಫೈಬರ್ ತಂತಿ) ಬಾಗಿಲ ಸಂದಿಯಲ್ಲಿ ಮಡಿಸಿದ್ದರೆ, ಅಳಿಲು ಕಚ್ಚಿದ್ದರೆ, ಕನೆಕ್ಟರಿಗೆ ಧೂಳು ಕೂತಿದ್ದರೆ. ಪೆಟ್ಟಿಗೆಯ ಸೆಟ್ಟಿಂಗ್ಸ್ ಪುಟದಲ್ಲಿ 'ಆರ್‌ಎಕ್ಸ್ ಆಪ್ಟಿಕಲ್ ಪವರ್' ಅಂತ ಒಂದು ಅಂಕಿ ಇರುತ್ತೆ, ಬರ್ತಿರೋ ಬೆಳಕು ಎಷ್ಟು ಜೋರಾಗಿದೆ ಅನ್ನೋದರ ಅಳತೆ ಅದು. ಮೈನಸ್ 15ರಿಂದ ಮೈನಸ್ 24 ಡಿಬಿಎಂ ನಡುವೆ ಇದ್ದರೆ ಚಿಂತೆ ಇಲ್ಲ, ಮೈನಸ್ 27 ದಾಟಿದರೆ ಕೆಟ್ಟಿದೆ. ದೂರು ಕೊಡುವಾಗ "ನೆಟ್ ಸ್ಲೋ ಇದೆ" ಅನ್ನಬೇಡಿ. "ಅಣ್ಣ, ಆಪ್ಟಿಕಲ್ ಪವರ್ ಮೈನಸ್ 28 ತೋರಿಸ್ತಿದೆ, ಹೋದ ವಾರ 21 ಇತ್ತು, ಸ್ಪ್ಲೈಸ್ ಒಂದ್ಸಲ ನೋಡ್ಬಿಡಿ" ಅನ್ನಿ (ಸ್ಪ್ಲೈಸ್ ಅಂದರೆ ಫೈಬರ್ ಬೆಸೆದ ಜಾಗ). ಲೈನ್‌ಮ್ಯಾನ್‌ಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ, ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನೋ ಉತ್ತರ ಬರಲ್ಲ.

ಪ್ಲಾನ್ ಏರಿಸಿದರೆ ನಿಜವಾಗಿ ಲಾಭ ಆಗೋದು ಡೌನ್‌ಲೋಡಿಗೆ. ಇಲ್ಲಿ ಬಿಟ್ ಮತ್ತು ಬೈಟ್ ಗೊಂದಲ ಒಂದಿದೆ: 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಎಂಬಿ ಅಷ್ಟೇ. 60 ಜಿಬಿಯ ಗೇಮಿಗೆ 50ರ ಪ್ಲಾನಿನಲ್ಲಿ 2 ಗಂಟೆ 40 ನಿಮಿಷ, 150ರಲ್ಲಿ ಸುಮಾರು 53 ನಿಮಿಷ. ಕಂಪ್ಯೂಟರ್ ಗೇಮ್ ಕೊಳ್ಳೋ ಸ್ಟೀಮ್‌ನಲ್ಲಿ ಎರಡು ಜಿಬಿ ಅಪ್‌ಡೇಟ್ ಬೇಗ ಇಳಿದೂ ಮುಗಿಯದೆ ನಿಂತಿದ್ದರೆ ತಪ್ಪು ನೆಟ್ಟಿನದಲ್ಲ. ದೊಡ್ಡ ಫೈಲುಗಳನ್ನು ಬಿಚ್ಚಿ ಹೊಸದಾಗಿ ಬರೆಯುತ್ತಿರುತ್ತೆ, ಹಳೇ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು, ಡಿಸ್ಕಿನಲ್ಲಿ ಸಾಕಷ್ಟು ಜಾಗವೂ ಖಾಲಿ ಇರಬೇಕು. ಆಡುವಾಗ ಡೌನ್‌ಲೋಡ್ ಆಗೋ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಇಡಿ.

ಇನ್ನು ಕರೆಂಟು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಎರಡು ಸೆಕೆಂಡು ಹೋಗಿ ಬರೋ ಕರೆಂಟೇ ದೊಡ್ಡ ಶತ್ರು. ಕರೆಂಟು ಎರಡೇ ಸೆಕೆಂಡಿನಲ್ಲಿ ಬಂದರೂ ರೂಟರು ಮತ್ತೆ ಎದ್ದು ಲೈನ್ ಹಿಡಿಯೋಕೆ ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಮ್ಯಾಚು ಹೋಯಿತು, ಬಿಟ್ಟು ಓಡಿದ ಅಂತ ದಂಡವೂ ಬಿತ್ತು. ಬಹಳ ಮನೆಗಳಲ್ಲಿ ಇನ್ವರ್ಟರ್ ಇದ್ದರೂ ಅದರ ಲೈನು ಲೈಟು ಫ್ಯಾನಿಗೆ ಮಾತ್ರ, ರೂಟರ್ ಚುಚ್ಚಿದ ಪ್ಲಗ್ಗಿಗೆ ಇರೋದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಸೇರಿಸಿದರೆ ಅರ್ಧ ಕೆಲಸ ಆಯಿತು. ಇನ್ವರ್ಟರ್ ಮೇಲೆ 'ಯುಪಿಎಸ್' ಮತ್ತು 'ನಾರ್ಮಲ್' ಅಂತ ಸ್ವಿಚ್ ಇದ್ದರೆ ಯುಪಿಎಸ್ ಕಡೆ ಹಾಕಿ, ಬ್ಯಾಟರಿಗೆ ಬದಲಾಗೋದು ಬೇಗ ಆಗುತ್ತೆ.

ಇಲ್ಲದಿದ್ದರೆ ರೂಟರಿಗೇ ಸಿಗೋ ಪುಟ್ಟ ಡಿಸಿ ಯುಪಿಎಸ್. ಕೊಳ್ಳುವ ಮುಂಚೆ ರೂಟರ್ ಅಡಾಪ್ಟರಿನ ಚೀಟಿ ಓದಿ. 12 ವೋಲ್ಟ್ ಬೇಕಿದ್ದರೆ 12 ವೋಲ್ಟೇ ಬೇಕು, 9 ವೋಲ್ಟಿನದ್ದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಆಂಪ್ಸ್ ಮಾತ್ರ ಹೆಚ್ಚಿದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಎಷ್ಟು ಹೊತ್ತು ಬರುತ್ತೆ ಅನ್ನೋ ಲೆಕ್ಕಕ್ಕೆ ಡಬ್ಬಿ ಮೇಲಿನ ಎಂಎಎಚ್ ನೋಡಿ ಮೋಸ ಹೋಗಬೇಡಿ, ಆ ಅಂಕಿ ಒಳಗಿನ 3.7 ವೋಲ್ಟ್ ಸೆಲ್ಲಿನದ್ದು. 8000 ಎಂಎಎಚ್ ಅಂದರೆ 29.6 ವಾಟ್-ಅವರ್. ನಷ್ಟ ಕಳೆದು 25 ಅಂತ ಹಿಡಿಯಿರಿ. ರೂಟರ್ 8 ವಾಟ್ ಎಳೆದರೆ ಮೂರು ಗಂಟೆ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು ಅನ್ನೋದನ್ನು ಮರೆಯಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ಕರೆಂಟು ಹೋದ ಕೂಡಲೇ ನೆಟ್ ಹೋದರೆ, ಬೀದಿಯಲ್ಲಿರೋ ಕೇಬಲ್‌ನವರ ಸ್ವಿಚ್ ಪೆಟ್ಟಿಗೆಗೆ ಬ್ಯಾಟರಿ ಇಲ್ಲ ಅಂತ ಅರ್ಥ. ಅದನ್ನು ಅವರೇ ಸರಿ ಮಾಡಬೇಕು.

ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಸಾಕು ಅಂತ ಕೊಟ್ಟುಬಿಡುತ್ತಾರೆ. ಅದರ ನಿಜವಾದ ಶಕ್ತಿ ಸಾಮಾನ್ಯವಾಗಿ 360 ವಾಟ್. ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರು, ಮಾನಿಟರು ಸೇರಿ ಆಟದ ನಡುವೆ ಅದನ್ನು ದಾಟಬಹುದು, ಆಗ ಯುಪಿಎಸ್ಸೇ ಕೈಕೊಡುತ್ತೆ. 1000 ವಿಎ ಮೇಲಿನದ್ದು ನೋಡಿ. ಅದೂ ಆಟ ಮುಂದುವರಿಸೋಕಲ್ಲ. ಸೇವ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡೋಕೆ ಐದಾರು ನಿಮಿಷ ಸಿಕ್ಕರೆ ಅದರ ಕೆಲಸ ಆಯಿತು. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಾಯಿಸಬೇಕು.

ಕರೆಂಟಿನಿಂದ ಇನ್ನೊಂದು ಏಟು ಬೀಳೋದು ಆಟ ರೆಕಾರ್ಡ್ ಮಾಡಿ ಹಾಕುವವರಿಗೆ. ಒಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮಾಮೂಲಿ ಎಂಪಿ4 ಆಗಿ ರೆಕಾರ್ಡ್ ಮಾಡಿದರೆ ಫೈಲಿನ ಸೂಚಿ ಬರೆಯೋದು ಕೊನೆಯಲ್ಲಿ, ಸ್ಟಾಪ್ ಒತ್ತಿದಾಗ. ಅದಕ್ಕೂ ಮುಂಚೆ ಕರೆಂಟು ಹೋದರೆ ಎರಡು ಗಂಟೆಯ ಫೈಲು ಇದ್ದೂ ಇಲ್ಲದ ಹಾಗೆ, ಯಾವ ಪ್ಲೇಯರೂ ತೆರೆಯಲ್ಲ. ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿಗೆ ಹಾಕಿ. ಎಲ್ಲಿ ನಿಂತರೂ ಅಲ್ಲಿಯವರೆಗಿನದ್ದು ಉಳಿಯುತ್ತೆ. ಮುಗಿದ ಮೇಲೆ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್' ಒತ್ತಿದರೆ ಗುಣಮಟ್ಟ ಚೂರೂ ಕೆಡದೆ ಎಂಪಿ4 ಆಗುತ್ತೆ.

ಲೈವ್ ಹಾಕುವವರು "ಸ್ಟ್ರೀಮ್ ಕಟ್ ಕಟ್ ಆಗ್ತಿದೆ" ಅಂದಾಗಲೂ ಅಳತೆಯಿಂದಲೇ ಶುರು ಮಾಡಬೇಕು. ಒಬಿಎಸ್‌ನ 'ಸ್ಟ್ಯಾಟ್ಸ್' ಕಿಟಕಿಯಲ್ಲಿ ಮೂರು ಬೇರೆ ಸಾಲುಗಳಿವೆ. ನೆಟ್‌ವರ್ಕಿನಿಂದ ಡ್ರಾಪ್ ಆದ ಫ್ರೇಮುಗಳು ಏರುತ್ತಿದ್ದರೆ ಅಪ್‌ಲೋಡ್ ಸಾಲದು: ಅಳೆದ ಅಪ್‌ಲೋಡಿನ ಶೇ 70ಕ್ಕಿಂತ ಹೆಚ್ಚು ಬಿಟ್‌ರೇಟ್ (ಸ್ಟ್ರೀಮ್ ಸೆಕೆಂಡಿಗೆ ಕಳಿಸೋ ಡೇಟಾ) ಇಡಬೇಡಿ, 10 ಎಂಬಿಪಿಎಸ್ ಇದ್ದರೆ 7000 ಕೆಬಿಪಿಎಸ್‌ಗೆ ನಿಲ್ಲಿಸಿ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ಪ್ರೊಸೆಸರ್ ಸೋತಿದೆ: ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ಕೋಡರನ್ನು (ವಿಡಿಯೊ ಕುಗ್ಗಿಸೋ ಭಾಗ) ಆ ಕಾರ್ಡಿನೊಳಗೇ ಇರೋ ಎನ್‌ವೆಂಕ್‌ಗೆ (NVENC) ಬದಲಾಯಿಸಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಗೇಮೇ ಪೂರ್ತಿ ಹಿಂಡಿಬಿಟ್ಟಿದೆ: ಗೇಮಿನಲ್ಲಿ ಎಫ್‌ಪಿಎಸ್‌ಗೆ ಮಿತಿ ಹಾಕಿ, ಒಬಿಎಸ್ಸನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೂರೂ ಬೇರೆ ಕಾಯಿಲೆ, ಮದ್ದೂ ಬೇರೆ. ಕೀಫ್ರೇಮ್ ಇಂಟರ್ವಲ್, ಅಂದರೆ ಪೂರ್ತಿ ಚಿತ್ರ ಕಳಿಸೋದರ ನಡುವಿನ ಅಂತರ, 2 ಸೆಕೆಂಡ್ ಇರಲಿ.

ಕನ್ನಡದ ಗೇಮಿಂಗ್ ವಿಡಿಯೊಗಳಲ್ಲಿ ನೋಡುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡೋದು ದನಿ. ಮಾತು ಪಿಸುಗುಟ್ಟಿದ ಹಾಗೆ, ಗುಂಡಿನ ಸದ್ದು ಕಿವಿ ಹರಿಯೋ ಹಾಗೆ. ಇದಕ್ಕೆ ದುಬಾರಿ ಮೈಕ್ ಬೇಡ. ಒಬಿಎಸ್ ಮೀಟರಿನಲ್ಲಿ ಮಾತು ಹಳದಿ ಪಟ್ಟಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9ರ ನಡುವೆ ಆಡುತ್ತಿರಲಿ. ಗೇಮಿನ ಸದ್ದು ಮೈನಸ್ 30ರ ಆಸುಪಾಸು. ಮೈಕಿಗೆ ಫಿಲ್ಟರುಗಳನ್ನು ಈ ಕ್ರಮದಲ್ಲಿ ಹಾಕಿ: ನಾಯ್ಸ್ ಸಪ್ರೆಷನ್ (ಹಿನ್ನೆಲೆ ಸದ್ದು ತೆಗೆಯೋದು), ಕಂಪ್ರೆಸರ್ (ದನಿಯ ಏರಿಳಿತ ಕಡಿಮೆ ಮಾಡೋದು), ಕೊನೆಗೆ ಲಿಮಿಟರ್ (ಮಿತಿ ಮೀರದಂತೆ ತಡೆಯೋದು). ಕಂಪ್ರೆಸರನ್ನು ಮೊದಲು ಹಾಕಿದರೆ ಫ್ಯಾನಿನ ಗುಂಯ್ ಸದ್ದನ್ನೂ ಮೇಲೆತ್ತುತ್ತೆ, ಆಮೇಲೆ ತೆಗೆಯೋದು ಕಷ್ಟ. ಯೂಟ್ಯೂಬ್ ಜೋರಾದ ವಿಡಿಯೊವನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳೋ ಜೋರಿನ ಅಳತೆ) ಇಳಿಸುತ್ತೆ, ಆದರೆ ಮೆತ್ತಗಿರೋದನ್ನು ಆ ಮಟ್ಟಕ್ಕೆ ಎತ್ತಿಕೊಡುತ್ತೆ ಅಂತ ನಂಬಿ ಕೂರಬೇಡಿ. ಹಾಕಿದ ಮೇಲೆ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. 'ಕಂಟೆಂಟ್ ಲೌಡ್‌ನೆಸ್' ಮೈನಸ್ 9 ಡಿಬಿ ಅಂತ ಇದ್ದರೆ, ಬಸ್ಸಿನಲ್ಲಿ ಫೋನ್ ಹಿಡಿದು ನೋಡುವವನಿಗೆ ನಿಮ್ಮ ಮಾತು ಕೇಳಲ್ಲ. ಸೊನ್ನೆಗೆ ಹತ್ತಿರ ತನ್ನಿ.

ಅದೇ ಕಿಟಕಿಯಲ್ಲಿ 'ಕೋಡೆಕ್ಸ್' ಸಾಲೂ ಇದೆ, ಕೋಡೆಕ್ ಅಂದರೆ ವಿಡಿಯೊ ಕುಗ್ಗಿಸೋ ವಿಧಾನ. ಚಿಕ್ಕ ಚಾನೆಲ್ಲಿನಿಂದ 1080ಪಿ ಹಾಕಿದ ವಿಡಿಯೊಗೆ ಬಹಳ ಸಲ ಎವಿಸಿ ಕೋಡೆಕ್ ಸಿಗುತ್ತೆ. ಹುಲ್ಲು, ಮಳೆ, ಹೊಗೆ ಇರೋ ದೃಶ್ಯ ಕಲಸಿದ ಮುದ್ದೆ ಹಾಗೆ ಕಾಣೋದು ಅದಕ್ಕೇ. ಎಡಿಟ್ ಮಾಡಿ ಹೊರತೆಗೆಯುವಾಗ 1440ಪಿಗೆ ಹಿಗ್ಗಿಸಿ ಹಾಕಿದರೆ ವಿಪಿ9 ಸಿಗುತ್ತೆ, 1080ಪಿಯಲ್ಲಿ ನೋಡಿದರೂ ಚೆನ್ನಾಗಿ ಕಾಣುತ್ತೆ. ಹಾಕಿದ ಕೂಡಲೇ ಮಸುಕಾಗಿದ್ದರೆ ಗಾಬರಿ ಬೇಡ, ದೊಡ್ಡ ರೆಸಲ್ಯೂಷನ್ ತಯಾರಾಗೋಕೆ ಹೊತ್ತು ಬೇಕು. ಅಲ್ಲಿಯವರೆಗೆ ಅನ್‌ಲಿಸ್ಟೆಡ್ ಇಟ್ಟು ಆಮೇಲೆ ಪಬ್ಲಿಕ್ ಮಾಡಿ.

ನೋಡುವವರ ಕಡೆಯಿಂದ ಒಂದು ಮಾತು. ಎರಡು ನಿಮಿಷದಲ್ಲಿ ಹೇಳೋ ಸೆಟ್ಟಿಂಗನ್ನು ಎಂಟು ನಿಮಿಷ ಎಳೆಯೋದಕ್ಕೆ ಕಾರಣ ಇದೆ: ವಿಡಿಯೊ ನಡುವೆ ಜಾಹೀರಾತು ಹಾಕೋಕೆ ಕನಿಷ್ಠ 8 ನಿಮಿಷ ಇರಬೇಕು, 2020ರ ಜುಲೈಗೆ ಮುಂಚೆ ಅದು 10 ಇತ್ತು. ಚಾನೆಲ್ ನಡೆಸುವವರ ಹೊಟ್ಟೆಪಾಡು ನನಗೆ ಅರ್ಥವಾಗುತ್ತೆ. ನೋಡುವವರ ಸಮಯಕ್ಕೂ ಬೆಲೆ ಇದೆ ತಾನೆ? ಕಂಪ್ಯೂಟರಿನಲ್ಲಿ ಎಲ್ ಒತ್ತಿದರೆ 10 ಸೆಕೆಂಡ್ ಮುಂದೆ, ಜೆ ಒತ್ತಿದರೆ 10 ಸೆಕೆಂಡ್ ಹಿಂದೆ. 1ರಿಂದ 9ರವರೆಗಿನ ಕೀಗಳು ಶೇ 10ರಿಂದ 90ರ ಜಾಗಕ್ಕೆ ನೆಗೆಯುತ್ತವೆ. ನಿಲ್ಲಿಸಿಟ್ಟು ಕಾಮಾ, ಫುಲ್‌ಸ್ಟಾಪ್ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಸರಿಯುತ್ತೆ, ಮಿಂಚಿ ಮಾಯವಾಗೋ ಸೆಟ್ಟಿಂಗ್ಸ್ ಪುಟ ಓದೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವಿಡಿಯೊದ ಮಾತು ಇದ್ದಕ್ಕಿದ್ದಂತೆ ಯಂತ್ರದ ದನಿಯ ಬೇರೆ ಭಾಷೆಯಲ್ಲಿ ಬಂದರೆ ಅದು ಆಟೋ ಡಬ್, ಗೇರ್ ಗುರುತು ಒತ್ತಿ 'ಆಡಿಯೊ ಟ್ರ್ಯಾಕ್'ನಲ್ಲಿ 'ಒರಿಜಿನಲ್' ಆರಿಸಿ.

ವಿಡಿಯೊ ಮಾಡುವವರು ಎಂಟು ನಿಮಿಷ ಮಾಡಿಯೇ ತೀರಬೇಕು ಅಂತಿದ್ದರೆ ಚಾಪ್ಟರುಗಳನ್ನಾದರೂ ಹಾಕಿ. ಡಿಸ್ಕ್ರಿಪ್ಷನ್‌ನಲ್ಲಿ ಒಂದೊಂದು ಸಾಲಿಗೆ ಒಂದು ಸಮಯ, ಪಕ್ಕದಲ್ಲಿ ಹೆಸರು. ಮೊದಲನೇ ಸಾಲು 0:00ರಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಸಾಲಿರಬೇಕು, ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಚಾಪ್ಟರೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಇದರಲ್ಲಿ ಒಂದು ತಪ್ಪಿದರೂ ಚಾಪ್ಟರುಗಳು ಕಾಣಿಸಿಕೊಳ್ಳಲ್ಲ. ಹೆಚ್ಚಿನವರು ತಪ್ಪೋದು ಆ 0:00 ಬರೆಯದೆ ನೇರವಾಗಿ 0:45ರಿಂದ ಶುರು ಮಾಡಿ.